ಪೇಮಾಳ ಪಾಳಿ, ನಮ್ಮವರ ನೀರಾವರಿ

ಪೋಖರಾ

ಹಿಮಾಲಯ ನೋಡಲೆಂದು ನೇಪಾಳಕ್ಕೆ ಹೋದ ನಮಗೆ ಮೊದಲ ಎರಡು ದಿನ ಹಿಮಾಲಯ ಕಾಣಲಿಲ್ಲ. ಹೋಟೆಲಿನವನು ಮೂರನೇ ಮಹಡಿಯ ಕಿಟಕಿ ತೆರೆದು, ಮದುವೆ ಹೆಣ್ಣು ತೋರಿಸುವ ಸಂಭ್ರಮದಲ್ಲಿ ಉತ್ತರಕ್ಕೆ ಕೈಮಾಡಿದ. ಅಲ್ಲಿ ಬೂದಿ ಬಣ್ಣದ ಹೊಗೆ ಬಿಟ್ಟರೆ ಏನೂ ಇರಲಿಲ್ಲ. ಚಳಿಗಾಲದಲ್ಲಿ ಬೀಳಬೇಕಾದ ಮಳೆ, ಹಿಮ ಬಿದ್ದಿಲ್ಲ, ಒಣಗಿದ ಕಾಡಿಗೆ ಬೆಂಕಿ ಹತ್ತಿದೆ, ಒಂದು ಜೋರು ಮಳೆ ಹೊಡೆದರೆ ಶಿಖರಗಳೆಲ್ಲ ಸಾಲಾಗಿ ಬಂದು ನಿಲ್ಲುತ್ತವೆ ಎಂದ. ಜಮಖಂಡಿಯಲ್ಲಿ ಕಬ್ಬು ಕಡಿದ ಮೇಲೆ ಹೊಲದಲ್ಲುಳಿದ ಒಣ ಗರಿಯ ರವದಿಗೆ ಬೆಂಕಿ ಹಚ್ಚುವ ದಿನಗಳಲ್ಲಿ ನನ್ನ ಅಂಗಳಕ್ಕೂ ಹೀಗೇ ಕರಿ ಎಳೆಗಳು ಉದುರುತ್ತವೆ. ಒಗೆದ ಬಟ್ಟೆ ಮತ್ತೆ ಒಗೆಯಬೇಕು.

"ಊರು ಬಿಟ್ಟು ಬಂದೇವಿ ಅಂತ ಅನಸವಲ್ದು, ನೋಡ" ಎಂದು ನಮ್ಮ ಯಜಮಾನರು ಮೂಗು ಮುಚ್ಚಿಕೊಂಡು ಸಂತೋಷಪಟ್ಟರು.

ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿ ಕಡೆಯಿಂದ ಹದಿನೆಂಟು ಮಂದಿ ಹೊರಟಿದ್ದೆವು. ಈ ಬರಹಕ್ಕೆ ಬೇಕಾದವರು ನಾಲ್ವರೇ. ಒಬ್ಬಳು ನಾನು, ದಿನಾ ಏನಾಯಿತೆಂದು ನೋಟುಬುಕ್ಕಿನಲ್ಲಿ ಬರೆದಿಡುವ ಚಟದವಳು. ಇನ್ನೊಬ್ಬರು ನಮ್ಮ ಯಜಮಾನರು. ಸಾವಳಗಿಯಲ್ಲಿ ಕಬ್ಬಿನ ಹೊಲ. ನೀರೆಂದರೆ ಅವರಿಗೆ ಪ್ರಾಣ. ಆ ಪ್ರೀತಿಯಲ್ಲಿಯೇ ಎರಡು ಎಕರೆಗೆ ನೀರು ಕುಡಿಸಿ ಕುಡಿಸಿ ಸವಳು ಮಾಡಿಟ್ಟಿದ್ದಾರೆ. ಬೆಳಗಿನ ಬಿಸಿಲಿಗೆ ಅಲ್ಲಿ ಉಪ್ಪು ಬೆಳ್ಳಗೆ ಹೊಳೆಯುತ್ತದೆ. ಹಿಮ ನೋಡಲು ನೇಪಾಳದವರೆಗೆ ಬರುವ ಅಗತ್ಯ ನಮಗೆ ಏನಿತ್ತೋ.

ಮೂರನೆಯವಳು ನನ್ನ ನೆಗೆಣ್ಣಿ ಶಾಂತಾ. ನನ್ನ ಮೈದುನ ಬನಹಟ್ಟಿಯಲ್ಲಿ ಮಗ್ಗ ಹಾಕಿದ್ದಾನೆ. ಇವಳು ಯಾವ ಬಟ್ಟೆ ಕಂಡರೂ ಬೆರಳಲ್ಲಿ ತಿಕ್ಕಿ ನೋಡದೆ ಮುಂದೆ ಹೋಗುವುದಿಲ್ಲ. ನಾಲ್ಕನೆಯವರು ಅನಗವಾಡಿಯ ಬೀರಪ್ಪಣ್ಣ, ಬೀರೇಶ್ವರನ ಒಕ್ಕಲು, ಕುರಿ ಕಾಯ್ದ ಮನೆತನ. ಹೆಗಲ ಮೇಲೆ ಕರಿ ಕಂಬಳಿ. ಸ್ವೆಟರು ಕೊಂಡವರೆಲ್ಲ ಪೋಖರಾದಲ್ಲಿ ಆ ಕಂಬಳಿ ನೋಡಿ ನಕ್ಕರು. ಮೇಲೆ ಹೋದ ಮೇಲೆ ಅವರೇ ಒಬ್ಬೊಬ್ಬರಾಗಿ ಬಂದು, "ಬೀರಪ್ಪಣ್ಣಾ, ಒಂದ್ ಚೂರು ಹೊದಿಸ್ರಿ" ಎಂದರು.

ಮುಕ್ತಿನಾಥ

ಮುಕ್ತಿನಾಥ ವಿಷ್ಣುವಿನ ಸ್ಥಾನ. ನಮ್ಮದು ಲಿಂಗ ಕಟ್ಟಿದ ಮನೆ. ಹೊರಡುವ ಮೊದಲು ನಾನು ಇದನ್ನು ಎತ್ತಿದ್ದೆ. "ಮುಕ್ತಿ ಕೊಡಾಂವ ಯಾರಾದ್ರೇನು, ಕೊಟ್ರ ಸಾಕು" ಎಂದು ಯಜಮಾನರು ಧರ್ಮಸೂಕ್ಷ್ಮವನ್ನು ಒಂದೇ ಮಾತಿನಲ್ಲಿ ಬಗೆಹರಿಸಿದ್ದರು.

ಗುಡಿಯ ಹಿಂದೆ ಅರ್ಧ ಚಂದ್ರನಂತೆ ನೂರೆಂಟು ನೀರಿನ ಬಾಯಿಗಳು. ಒಂದೊಂದರ ಕೆಳಗೂ ತಲೆಯೊಡ್ಡಿ ಓಡಬೇಕು. ನೀರು ತಲೆಗೆ ಬಿದ್ದೊಡನೆ ಹಿಂದಿನ ಜನ್ಮಗಳೂ ನೆನಪಾಗುವಷ್ಟು ತಣ್ಣಗಿತ್ತು. ಪಾಪ ತೊಳೆಯಲು ಬಂದವರು ಬರೀ ನೀರಿನ ಮೇಲೆ ನಂಬಿಕೆ ಸಾಲದೆ ಶಾಂಪೂ ಪುಡಿಕೆಗಳನ್ನೂ ತಂದಿದ್ದರು. ಖಾಲಿ ಪುಡಿಕೆಗಳನ್ನು ಕಲ್ಲಿನ ಸಂದುಗಳಲ್ಲಿ ಬಹಳ ಅಚ್ಚುಕಟ್ಟಾಗಿ ಸಿಗಿಸಿದ್ದರು. ನಾವೇನು ಕಡಿಮೆ? ಊರಲ್ಲಿ ತೀರ್ಥ ಹಂಚಲು ತಲಾ ಐದು ಪ್ಲಾಸ್ಟಿಕ್ ಡಬ್ಬಿ ತುಂಬಿಕೊಂಡೆವು. ತುಂಬುವಾಗ ಒಡೆದ ಎರಡನ್ನು ಅಲ್ಲೇ ಬಿಟ್ಟೆವು; ದೇವರ ಜಾಗದಲ್ಲಿ ಬಿಟ್ಟದ್ದು ಕಸವಾಗುವುದಿಲ್ಲವಲ್ಲ.

ಗಾಳಿಗೆ ಪ್ರಾರ್ಥನೆ ಅಚ್ಚೊತ್ತಿದ ಬಣ್ಣದ ಪತಾಕೆಗಳು ಪಟಪಟ ಎನ್ನುತ್ತಿದ್ದವು. ಶಾಂತಾ ಒಂದನ್ನು ಹಿಡಿದು ತಿಕ್ಕಿದಳು.

"ಪಾಲಿಸ್ಟರ್ ಐತಿ ಅಕ್ಕಾ. ಹತ್ತೀದು ಆಗಿದ್ರ ಮಳಿ ಬಿಸಿಲಿಗೆ ಕರಗಿ ಮಣ್ಣಾಗತಿತ್ತು. ಇದು ನಮ್ಮ ಮೊಮ್ಮಕ್ಕಳು ಬಂದಾಗೂ ಹಿಂಗ ಇರತೈತಿ."

"ಪ್ರಾರ್ಥನಿ ಅಷ್ಟು ದಿನಾ ಬಾಳಕಿ ಬರತೈತಿ ಬಿಡು" ಎಂದೆ.

ಬೀರಪ್ಪಣ್ಣ ಅಷ್ಟರಲ್ಲಿ ಒಬ್ಬ ಕುರಿಗಾರನನ್ನು ಹಿಡಿದುಬಿಟ್ಟಿದ್ದರು. ಇವರಿಗೆ ನೇಪಾಳಿ ಬಾರದು, ಅವನಿಗೆ ಕನ್ನಡ ಬಾರದು. ಇಬ್ಬರೂ ಅರ್ಧ ತಾಸು ಮಾತಾಡಿದರು. ಕುರಿಯ ಬಾಯಿ ಬಿಡಿಸಿ ಹಲ್ಲು ನೋಡಿದರು, ಕೈಯಲ್ಲಿ ಹುಲ್ಲಿನ ಎತ್ತರ ತೋರಿಸಿದರು, ಗುಡ್ಡದ ಕಡೆ ಬೆರಳು ಮಾಡಿದರು. ತಿರುಗಿ ಬಂದು ನನಗೆ ವರದಿ ಒಪ್ಪಿಸಿದರು.

"ಕೆಳಗಿನ ಹುಲ್ಲು ಈಗ ಜಲ್ದಿ ಒಣಗತೈತಂತ ಅಕ್ಕಾರ. ಛಲೋ ಹುಲ್ಲು ವರ್ಷಾ ವರ್ಷಾ ಮ್ಯಾಲ ಸರಿಯಾಕತ್ತೈತಂತ. ಕುರಿ ಅದರ ಬೆನ್ನ ಹತ್ತಿ ಹೋಗತಾವು."

"ಹೋಗ್ಲಿ ಬಿಡ್ರಿ, ಮ್ಯಾಲ ಜಾಗಾ ಭಾಳ ಐತಲ್ಲ."

"ಎಲ್ಲೈತ್ರಿ? ಗುಡ್ಡಾ ಮ್ಯಾಲ ಹೋದಂಗ ಸಣ್ಣ ಆಗತೈತಿ. ತುದಿ ಮುಟ್ಟಿದ ಮ್ಯಾಲ ಹುಲ್ಲು ಎಲ್ಲಿ ಹೋಗ್ಬೇಕು?"

ನಾನು ಅದನ್ನು ಬರೆದುಕೊಂಡೆ. ಯಜಮಾನರು ಮಾತ್ರ ನೂರೆಂಟು ಬಾಯಿಗಳ ಕೆಳಗೆ ಹರಿಯುವ ಕಾಲುವೆಯನ್ನೇ ನೋಡುತ್ತ ನಿಂತಿದ್ದರು. "ಇಷ್ಟು ನೀರು ದಂಡ ಹೊಂಟಾವಲ್ಲ" ಎಂದು ಹಲುಬಿದರು. ಆಗಲೇ ನಾನು ಎಚ್ಚರಗೊಳ್ಳಬೇಕಿತ್ತು.

ಜೀಪು ಕುಳಿತ ಊರು

ಇಳಿಯುವಾಗ ನಮ್ಮ ಜೀಪಿನ ಆಕ್ಸಲ್ ಮುರಿಯಿತು. ಮುಂದಿನ ಜೀಪುಗಳಲ್ಲಿದ್ದವರು, "ನೀವು ಸಾವಕಾಶ ಬರ್ರಿ" ಎಂದು ಕೈಬೀಸಿ ಪೋಖರಾಕ್ಕೆ ಹೋದರು. ಹೊಸ ಆಕ್ಸಲ್ ಬರಲು ಮೂರು ದಿನ ಬೇಕು ಎಂದು ಡ್ರೈವರ್ ತಿಳಿಸಿದ. ರಸ್ತೆ ಮಗ್ಗುಲಿನ ಊರಿನಲ್ಲಿ ಪೇಮಾ ಎಂಬಾಕೆಯ ಮನೆಯಲ್ಲಿ ಉಳಿಯುವ ಏರ್ಪಾಡಾಯಿತು.

ಪೇಮಾಗೆ ನನ್ನದೇ ವಯಸ್ಸು. ಗಂಡ ಚಮರಿ ದನಗಳೊಂದಿಗೆ ಮೇಲಿನ ಹುಲ್ಲುಗಾವಲಿನಲ್ಲಿ. ಇವಳು ಮನೆಯ ಎರಡು ಕೋಣೆ ಯಾತ್ರಿಕರಿಗೆ ಕೊಡುತ್ತ, ಉಳಿದ ಹೊತ್ತು ಬಾರ್ಲಿ ಹೊಲ ನೋಡಿಕೊಳ್ಳುತ್ತಾಳೆ. ಅವಳ ಹಿಂದಿ ನನ್ನ ಹಿಂದಿಯಷ್ಟೇ ಹರಕು, ಆದ್ದರಿಂದ ನಮ್ಮಿಬ್ಬರಿಗೆ ಚೆನ್ನಾಗಿ ತಿಳಿಯುತ್ತಿತ್ತು.

ಹೋದ ಕೂಡಲೆ ನಾವು ಬಿಸಿನೀರು ಕೇಳಿದೆವು. ಸ್ನಾನವಿಲ್ಲದೆ ಲಿಂಗಪೂಜೆ ಇಲ್ಲ, ಪೂಜೆಯಿಲ್ಲದೆ ಊಟವಿಲ್ಲ. ಮೂವತ್ತು ವರ್ಷದಲ್ಲಿ ಯಜಮಾನರು ಒಂದು ದಿನವೂ ಈ ನೇಮ ತಪ್ಪಿಸಿಲ್ಲ. ಬೇರೆ ನೇಮಗಳ ಬಗ್ಗೆ ಇಲ್ಲಿ ಬರೆಯುವುದು ಬೇಡ. ತಲಾ ಎರಡು ಬಕೆಟ್ಟಿನಂತೆ ಎಂಟು ಬಕೆಟ್. ಪೇಮಾ ಒಂದು ಗಳಿಗೆ ನಮ್ಮನ್ನು ನೋಡಿದಳು, ಆಮೇಲೆ ತಂದು ಕೊಟ್ಟಳು. ಅತಿಥಿಗಳಿಗೆ ಇಲ್ಲವೆನ್ನಬಾರದು ಎಂಬ ಕೆಟ್ಟ ಚಾಳಿ ಆ ಬೆಟ್ಟದಲ್ಲೂ ಇದೆ.

ಸಂಜೆ ಅವಳು ನನ್ನನ್ನು ಊರ ಮೇಲಿನ ಕೆರೆಗೆ ಕರೆದುಕೊಂಡು ಹೋದಳು. ಕೆರೆ ಎಂದರೆ ನಮ್ಮೂರಿನ ಕಲ್ಯಾಣ ಮಂಟಪದ ಊಟದ ಹಾಲಿನಷ್ಟು ಒಂದು ಹೊಂಡ, ಕಲ್ಲು ಮಣ್ಣಿನ ದಂಡೆ. ಬೆಟ್ಟದ ಊಟೆಯಿಂದ ಹೆಬ್ಬೆರಳಿನ ಗಾತ್ರದ ನೀರು ಬಂದು ಬೀಳುತ್ತಿತ್ತು. ದಂಡೆಯಲ್ಲಿ ಗೆರೆ ಕೊರೆದ ಒಂದು ಕೋಲು. ಒಂದು ಹಗಲು ಒಂದು ರಾತ್ರಿ ತುಂಬಿದ್ದನ್ನು ಕೋಲಿನಿಂದ ಅಳೆದು, ಬೆಳಿಗ್ಗೆ ಯಾರ ಪಾಳಿಯೋ ಅವರ ಹೊಲಕ್ಕೆ ಬಿಡುವುದು. ಒಮ್ಮೆ ತಪ್ಪಿದರೆ ಊರೆಲ್ಲ ಸುತ್ತಿ ಬರಲು ಹನ್ನೊಂದು ದಿನ.

"ಅಪ್ಪನ ಕಾಲದಲ್ಲಿ ಈ ಕೋಲು ಮುಳುಗುತ್ತಿತ್ತು" ಎಂದಳು. "ಚಳಿಗಾಲದಲ್ಲಿ ಹಿಮ ಬಾಗಿಲಿನವರೆಗೆ. ಅದು ಮೆಲ್ಲಗೆ ಕರಗಿ ಬೇಸಿಗೆಯೆಲ್ಲ ಊಟೆಗೆ ಇಳಿಯುತ್ತಿತ್ತು. ಈಗ ಹಿಮ ಬಿದ್ದರೆ ಬಿತ್ತು, ಇಲ್ಲದಿದ್ದರೆ ಇಲ್ಲ. ಮೇಲೆ ರಸ್ತೆ ಅಗೆದ ಮೇಲೆ ಒಂದು ಊಟೆ ಬತ್ತಿತು. ಇದ್ದದ್ದರಲ್ಲಿ ಲಾಡ್ಜುಗಳ ಸ್ನಾನ." ಕೊನೆಯ ಮಾತು ಹೇಳುವಾಗ ನನ್ನ ಕಡೆ ನೋಡದಿರುವಷ್ಟು ಮರ್ಯಾದೆ ಅವಳಿಗಿತ್ತು. ನನ್ನ ಕೂದಲು ಇನ್ನೂ ಒದ್ದೆ ಇತ್ತು.

ಹೊಲ ತೋರಿಸಿದಳು. ಹತ್ತೇ ಮಡಿ, ಒಡ್ಡು ಕಟ್ಟಿದ ಸಣ್ಣ ಪಾತಿಗಳು. ಬಾರ್ಲಿ ತೆನೆ ಆಗಷ್ಟೇ ಹಾಲು ತುಂಬುತ್ತಿತ್ತು. ಈಗೊಂದು ನೀರು ಬಿದ್ದರೆ ಕಾಳು, ಇಲ್ಲದಿದ್ದರೆ ಜೊಳ್ಳು. ಹೋದ ವರ್ಷ ಜೊಳ್ಳಾಗಿತ್ತಂತೆ. ಸತತ ಎರಡು ವರ್ಷ ಬೆಳೆ ಬಾರದ ಹೊಲಕ್ಕೆ ಆ ಊರಿನಲ್ಲಿ ಪಾಳಿ ಇಲ್ಲ. ಇರುವ ನೀರನ್ನು ಬೆಳೆಯುವ ಹೊಲಕ್ಕೆ ಕೊಡಬೇಕು ಎಂದು ಊರವರೇ ಮಾಡಿಕೊಂಡ ಕಟ್ಟಳೆ. ಪೇಮಾ ಕೂಡ ಅದಕ್ಕೆ ರುಜು ಹಾಕಿದ್ದಳು.

"ನಾಳೆ ಪಕ್ಕದ ಮನೆ ಅಜ್ಜಿಯ ಪಾಳಿ. ನಾಡಿದ್ದು ನನ್ನದು" ಎಂದು ಒಂದು ತೆನೆ ಹಿಸುಕಿ ಅಂಗೈಯ ಮೇಲೆ ಹಾಲು ತೋರಿಸಿದಳು.

ನಾನು ಮನೆಗೆ ಬಂದು ಇದೆಲ್ಲವನ್ನೂ ಯಜಮಾನರಿಗೆ ಹೇಳಿದೆ. ಅವರು "ಹೂಂ, ಹೂಂ" ಎಂದರು. ಮೂವತ್ತು ವರ್ಷದ ಅನುಭವದಿಂದ ಹೇಳುತ್ತೇನೆ, ಎರಡು ಸಲ ಹೂಂ ಅಂದರೆ ಕೇಳಿಲ್ಲ ಎಂದರ್ಥ.

ಎರಡನೆಯ ಬೆಳಗು

ಬೆಳಿಗ್ಗೆ ಕೂಗಾಟ ಕೇಳಿ ಎದ್ದು ಓಡಿದೆ. ಪೇಮಾಳ ಹೊಲದಲ್ಲಿ ಯಜಮಾನರು ಧೋತರ ಮೇಲೆ ಕಟ್ಟಿ, ಕೈಯಲ್ಲಿ ಯಾರದೋ ಸಲಿಕೆ ಹಿಡಿದು, ಪಾದ ಮುಳುಗುವ ರಾಡಿಯಲ್ಲಿ ನಿಂತಿದ್ದರು. ಮುಖದಲ್ಲಿ ನಮ್ಮ ಮದುವೆಯ ದಿನವೂ ಕಾಣದ ತೃಪ್ತಿ.

"ಏನ್ ಮಾಡಾಕತ್ತೀರಿ?"

"ನೀರು ಹಾಯಿಸಾಕತ್ತೇನಿ! ತಿರಗ್ಯಾಡಾಕ ಬಂದ್ನಿ. ಮ್ಯಾಲ ನೀರು ಸುಮ್ಮ ನಿಂತಾವು, ಕೆಳಗ ಹೊಲ ಬಾಯಿ ಬಿಟ್ಟೈತಿ. ಪಾಪ, ಒಬ್ಬಾಕಿ ಹೆಣ್ಣಮಗಳು. ನಿನ್ನೆ ಎಂಟು ಬಕೀಟು ನೀರು ಕಾಸಿ ಕೊಟ್ಟಾಳ, ನಾವೂ ಒಂದೀಟು ಆಸರ ಆಗ್ಬೇಕಲ್ಲ?"

ಕೆರೆಯ ಬಾಯಿಗೆ ಬಟ್ಟೆ ಸುತ್ತಿ ಮಣ್ಣು ಮೆತ್ತಿದ್ದ ಮರದ ಬೆಣೆಯನ್ನು ಕಿತ್ತು ಎಸೆದಿದ್ದರು. ಮಡಿಯಿಂದ ಮಡಿಗೆ ಅಂಗೈಯಷ್ಟು ಬಾಯಿ ಇಟ್ಟು ಪೇಮಾ ಕಟ್ಟಿದ್ದ ಒಡ್ಡುಗಳು ಕಬ್ಬಿನ ಹೊಲದವರ ಕಣ್ಣಿಗೆ ಆಟಿಕೆಯಂತೆ ಕಂಡಿರಬೇಕು. ಮೇಲಿನ ನಾಲ್ಕನ್ನು ಕಾಲಿನಿಂದಲೇ ಒಡೆದಿದ್ದರು. ಸಾವಳಗಿಯ ಎರೆಭೂಮಿ ಹೊಳೆಯನ್ನೂ ಕುಡಿದು ಕೂರುತ್ತದೆ. ಇದು ಬೆಟ್ಟದ ಮಗ್ಗುಲಿನ ಉಸುಕು ಮಣ್ಣು. ಒಂದು ಹಗಲು ಒಂದು ರಾತ್ರಿ ಸೇರಿದ್ದ ನೀರು ನಾಲ್ಕು ಮಡಿಗಳನ್ನು ನೆಲಕ್ಕೆ ಮಲಗಿಸಿ, ಉಳಿದ ಆರನ್ನು ಮುಟ್ಟದೆ, ಅಂಚಿನ ಗೋಡೆ ದಾಟಿ ಕಂದರಕ್ಕೆ ಬೀಳುತ್ತಿತ್ತು. ನೋಡಲು ಜಲಪಾತದ ಹಾಗೆ ಬಹಳ ಚೆಂದವಿತ್ತು.

"ಭಾವಾರ, ನೀವು ಜಗಕ್ಕೆಲ್ಲ ನೀರಾವರಿ ಮಾಡ್ರಿ" ಎಂದಳು ಶಾಂತಾ, ಹಣೆಗೆ ಕೈ ಹಚ್ಚಿಕೊಂಡು.

ಪೇಮಾ ಬಂದಳು. ಕೆರೆಯ ಬೆಣೆ ಹುಡುಕಿ ಬಡಿದಳು. ಆಮೇಲೆ ಮಲಗಿದ ಬಾರ್ಲಿಯನ್ನು ಎತ್ತಿ ನಿಲ್ಲಿಸಲು ನೋಡಿದಳು. ಅದು ನಿಲ್ಲಲಿಲ್ಲ. ಅಜ್ಜಿ ಅಳತೆಯ ಕೋಲು ಹಿಡಿದುಕೊಂಡು ಬಂದು, ಬರಿದಾದ ಕೆರೆಯಲ್ಲಿ ಅದನ್ನು ಊರಿ, ಯಜಮಾನರ ಕಡೆ ತಿರುಗಿ ಉದ್ದವಾಗಿ ಏನೋ ಹೇಳಿದಳು.

"ಏನಂತಾರೆ?" ಎಂದು ಡ್ರೈವರನನ್ನು ಕೇಳಿದೆ.

"ಹಿಂದಿಯಲ್ಲಿ ಅದಕ್ಕೆ ಮಾತಿಲ್ಲ ಅಮ್ಮಾ" ಎಂದ. ಆ ಮರ್ಯಾದೆಗೆ ನಾನು ಈಗಲೂ ಋಣಿ.

ಮುಖಿಯಾನ ತೀರ್ಪು

ಊರಿನ ಮುಖಿಯಾ ಬಂದ. ಪೇಮಾಳ ಅಂಗಳದಲ್ಲಿ ಎಲ್ಲರಿಗೂ ಚಹಾ ಕೊಟ್ಟ ಮೇಲೆಯೇ ನ್ಯಾಯ. ಯಜಮಾನರು ಪಾಕೀಟು ತೆಗೆದರು. ಮುಖಿಯಾ ಅದನ್ನು ನೋಡಿ, ನೋಟಿನಿಂದ ಬಾರ್ಲಿ ನೆನೆಯುತ್ತದೆಯೇ ಎಂದು ಡ್ರೈವರನ ಮೂಲಕ ವಿನಯವಾಗಿ ವಿಚಾರಿಸಿದ. ಪಾಕೀಟು ಒಳಗೆ ಹೋಯಿತು.

ತೀರ್ಪು ಚಿಕ್ಕದು. ಅಜ್ಜಿಯ ನೀರು ಪೇಮಾಳ ಹೊಲಕ್ಕೆ ಹೋಗಿದೆ. ಆದ್ದರಿಂದ ನಾಳೆಯ ಪೇಮಾಳ ನೀರು ಅಜ್ಜಿಗೆ. ಅತಿಥಿ ಮಾಡಿದ್ದು ಮನೆಯವರು ಮಾಡಿದಂತೆಯೇ. ಪೇಮಾ ತಲೆಯಾಡಿಸಿದಳು. ಆರು ಮಡಿ ಒಣಗಿ ನಿಂತಿವೆ, ನಾಲ್ಕು ಮಡಿ ಕೆಸರಲ್ಲಿ ಮಲಗಿವೆ, ಮುಂದಿನ ಪಾಳಿ ಹನ್ನೆರಡು ದಿನದ ಮೇಲೆ. ಅಷ್ಟರಲ್ಲಿ ಜೊಳ್ಳು, ಜೊಳ್ಳಿನ ಎರಡನೇ ವರ್ಷ, ಅಲ್ಲಿಗೆ ಪಾಳಿಯೂ ಹೋಯಿತು. ಅವಳು ಇದನ್ನೆಲ್ಲ ಹೇಳಲಿಲ್ಲ, ಚಹಾದ ಬಟ್ಟಲು ಎತ್ತಿಟ್ಟಳು. ಹೇಳಿದ್ದರೆ ನಮಗೆ ಸ್ವಲ್ಪ ಹಗುರಾಗುತ್ತಿತ್ತು.

ಆಗ ಬೀರಪ್ಪಣ್ಣ ಬಾಯಿ ಬಿಟ್ಟರು. "ಮನಿ ನಳದಾಗ ಬರೋ ನೀರು ಯಾರ್ವು ಅಂತ ಕೇಳ್ರಿ."

ಅದು ಕುಡಿಯಲಿಕ್ಕೆ, ತೊಳೆಯಲಿಕ್ಕೆ ಆಯಾ ಮನೆಯದು; ಅದರಲ್ಲಿ ಏನು ಮಾಡಿದರೂ ಊರು ಕೇಳುವುದಿಲ್ಲ ಎಂದ ಮುಖಿಯಾ.

"ಅಂದಮ್ಯಾಲ ನಮ್ಮ ಝಳಕದ ನೀರು ನಾವು ಹೊಲಕ್ಕ ಹೊತ್ರ?"

ಎಲ್ಲರೂ ಯಜಮಾನರ ಮುಖ ನೋಡಿದೆವು.

"ಝಳಕ ಇಲ್ದ ಪೂಜಾ ಹೆಂಗ?" ಎಂದು ಅವರು ಮೆಲ್ಲಗೆ ಕೇಳಿದರು. ಈ ಸಲ ಅದು ಜಂಭದ ಮಾತಾಗಿರಲಿಲ್ಲ. ಮೂವತ್ತು ವರ್ಷ ನಡೆದುಬಂದದ್ದು ಕಾಲ ಕೆಳಗೆ ಜಾರಿದವರ ದನಿ.

"ಇಬತ್ತಿ ಹಚ್ಚಗೊಳ್ರಿ. ಬೂದಿ ಸ್ನಾನಾನೂ ಸ್ನಾನ ಅಂತ ನಿಮ್ಮವ್ವ ಹೇಳತಿದ್ರಲ್ಲ" ಎಂದೆ. "ಲಿಂಗಕ್ಕ ಒಂದು ಬಟ್ಟಲು ನೀರು ಸಾಕು. ಉಳದ್ವು ಎಲ್ಲಾ ನಮ್ಮ ಮೈಗೆ ಹೊಂಟಿದ್ವು, ದೇವರಿಗೇನಲ್ಲ."

ಅವರು ಕೊರಳಿನ ಲಿಂಗವನ್ನು ಒಮ್ಮೆ ಕಣ್ಣಿಗೊತ್ತಿಕೊಂಡರು. ಆಮೇಲೆ ಎದ್ದು ಬಕೆಟ್ ಹಿಡಿದರು.

ಆರು ಮಡಿ

ಎರಡು ದಿನ ಹೊತ್ತೆವು. ನಳದಿಂದ ಹೊಲಕ್ಕೆ ನಮ್ಮ ಮನೆಯಿಂದ ಬಸ್ ಸ್ಟ್ಯಾಂಡಿನಷ್ಟು ದೂರವೂ ಇರಲಿಲ್ಲ, ಆದರೆ ಎಲ್ಲವೂ ಏರು. ನಾಲ್ಕು ಹೆಜ್ಜೆಗೊಮ್ಮೆ ಉಸಿರು ಎಲ್ಲಿ ಹೋಯಿತೆಂದು ಹುಡುಕಬೇಕು. ಮೂವತ್ತು ವರ್ಷದಲ್ಲಿ ಅಡುಗೆಮನೆಯಿಂದ ಒಂದು ತಂಬಿಗೆ ನೀರು ತಾವೇ ತಂದುಕೊಂಡು ಕುಡಿಯದವರು ಆ ಏರಿನಲ್ಲಿ ಬಕೆಟ್ ಹೊತ್ತದ್ದನ್ನು ನಾನು ನಿಂತು ನೋಡಿದೆ. ದಣಿವಾರಿಸಿಕೊಳ್ಳಲಿಕ್ಕೆ ನಿಂತಿದ್ದೆ ಎಂದೇ ಅವರಿಗೆ ಹೇಳಿದ್ದೇನೆ.

ಪೇಮಾ ತಂಬಿಗೆಯಿಂದ ಬುಡಬುಡಕ್ಕೆ ಹನಿಸುವುದನ್ನು ತೋರಿಸಿದಳು. ಯಜಮಾನರು ಮೊದಲ ಬಕೆಟ್ಟನ್ನು ದಬಕ್ಕನೆ ಸುರಿದರು. ಅವಳು ಅವರ ಕೈಯಿಂದ ತಂಬಿಗೆ ಕಸಿದುಕೊಂಡು, ಮತ್ತೆ ತೋರಿಸಿ, ಮತ್ತೆ ಕೈಗಿಟ್ಟಳು. ಎರಡನೇ ಮಡಿಯ ಹೊತ್ತಿಗೆ ಕಲಿತರು.

"ಸಾವ್ಕಾರ್ರ, ಕಬ್ಬಿಗೂ ಹಿಂಗ ತಂಬಿಗೀಲಿ ಹಾಕೋಣೇನ್ರಿ?" ಎಂದು ಬೀರಪ್ಪಣ್ಣ ಕಿಚಾಯಿಸಿದರು.

"ಸುಮ್ಮನ ಹೊರೋ ಮಾರಾಯಾ."

ಶಾಂತಾ ಪಾತ್ರೆ ತೊಳೆದ ನೀರನ್ನೂ ಹಿಡಿದಳು. ನಾನು ತೀರ್ಥದ ಡಬ್ಬಿಗಳನ್ನು ನೋಡಿದೆ. ನಾಲ್ವರದೂ ಸೇರಿ ಹದಿನೆಂಟು ಡಬ್ಬಿ, ಜಮಖಂಡಿಯ ಓಣಿಗೆಲ್ಲ ಹಂಚಬೇಕಾದ ಪುಣ್ಯ. ಯಾರನ್ನೂ ಕೇಳದೆ ಎಲ್ಲವನ್ನೂ ಆರನೇ ಮಡಿಗೆ ಹಾಕಿದೆ. ಊರಿಗೆ ಬಂದ ಮೇಲೆ ಓಣಿಯವರಿಗೆ ತೀರ್ಥವೆಂದು ಹಂಚಿದ್ದು ಎಲ್ಲಿಯ ನೀರೆಂದು ದಯಮಾಡಿ ಯಾರೂ ಕೇಳಬಾರದು. ಭಕ್ತಿಯಿಂದ ಕುಡಿದವರೆಲ್ಲ ಆರೋಗ್ಯವಾಗಿದ್ದಾರೆ.

ಅಜ್ಜಿ ತನ್ನ ಹೊಲಕ್ಕೆ ನೀರು ಬಿಟ್ಟುಕೊಂಡು ಗೋಡೆಯ ಮೇಲೆ ಕೂತು ನಮ್ಮನ್ನು ನೋಡುತ್ತಿದ್ದಳು. ಎರಡನೇ ಸಂಜೆ ಒಂದು ತಟ್ಟೆ ಬೇಯಿಸಿದ ಆಲೂಗಡ್ಡೆ ತಂದು ಯಜಮಾನರ ಮುಂದೆ ಇಟ್ಟು, ಮತ್ತೇನೋ ಹೇಳಿದಳು. ಈ ಸಲವೂ ಡ್ರೈವರ್ ಅದನ್ನು ಹಿಂದಿಗೆ ತರಲಿಲ್ಲ, ಆದರೆ ಈ ಸಲ ನಕ್ಕ.

ಆಕ್ಸಲ್ ಬಂತು. ನಾಲ್ವರೂ ಎರಡು ದಿನದ ಬೆವರಿನಲ್ಲಿ ಒಂದೇ ಜೀಪಿನಲ್ಲಿ ಕುಳಿತೆವು. ಡ್ರೈವರ್ ಪೋಖರಾದವರೆಗೂ ಕಿಟಕಿ ಮುಚ್ಚಲಿಲ್ಲ. ಬಾರ್ಲಿಗೆ ಕಾಳು ಕಟ್ಟುತ್ತದೋ ಇಲ್ಲವೋ ತಿಳಿಯದೆಯೇ ಬಂದೆವು. ಪೇಮಾ ನನ್ನ ಮೊಬೈಲ್ ನಂಬರ್ ಬರೆದುಕೊಂಡಿದ್ದಳು.

ಜಮಖಂಡಿ

ಊರಿಗೆ ಬಂದ ಮೇಲೆ ಯಜಮಾನರು ಹಿಮಾಲಯದ ಬಗ್ಗೆ ಮಾತಾಡಲು ಕರೆದಲ್ಲೆಲ್ಲ ಹೋದರು. ಹವಾ ಹೇಗೆ ಕೆಡುತ್ತಿದೆ, ಜನ ಹೇಗೆ ನೀರು ಹಾಳು ಮಾಡುತ್ತಿದ್ದಾರೆ ಎಂದು ಕಟ್ಟೆಯ ಮೇಲೆ ಕೂತು ತಾಸುಗಟ್ಟಲೆ ಹೇಳಿದರು. ಒಡ್ಡು ಒಡೆದವರು ಯಾರೆಂಬ ಸಣ್ಣ ವಿವರ ಬಿಟ್ಟರೆ ಎಲ್ಲವೂ ಖರೆ.

ಒಂದು ದಿನ ಬೆಳಿಗ್ಗೆ ಅವರು ಬಚ್ಚಲಿನಲ್ಲಿದ್ದಾಗ ಪೇಮಾಳ ಫೋಟೋ ಬಂತು. ಕೊಯ್ದ ಹೊಲದ ನಡುವೆ ನಿಂತಿದ್ದಾಳೆ. ಆರು ಮಡಿಯ ಜಾಗದಲ್ಲಿ ಕೊಯ್ದು ಕಟ್ಟಿದ ತೆನೆಯ ಸಿವುಡುಗಳು ನಿಂತಿವೆ. ಮೇಲಿನ ನಾಲ್ಕು ಮಡಿ ಕಪ್ಪಗೆ, ಕೊಳೆತು, ನೆಲಕ್ಕೆ ಅಂಟಿಕೊಂಡಿವೆ. ಕೆಳಗೆ ಹಿಂದಿಯಲ್ಲಿ ಒಂದೇ ಸಾಲು: ಪಾಳಿ ಉಳಿಯಿತು.

ಬಚ್ಚಲ ಬಾಗಿಲು ಬಡಿದೆ. ಅವರು ತಲೆಗೆ ಸೋಪು ಹಚ್ಚಿಕೊಂಡೇ ಸಂದಿಯಿಂದ ಕಣ್ಣು ಕಿರಿದು ಮಾಡಿ ನೋಡಿದರು.

"ಆ ನಾಕು ಮಡಿ ಯಾವು?"

"ನೀವು ನೀರು ಹಾಯಿಸಿದ್ವು."

ಹಿಂದೆ ನಳದ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಟಾವೆಲ್ ಸುತ್ತಿಕೊಂಡು, ಅರ್ಧ ಬಕೆಟ್ ನೀರು ಹಿಡಿದುಕೊಂಡು ಹೊರಗೆ ಬಂದು, ಹಿತ್ತಲಿನ ಕರಿಬೇವಿನ ಗಿಡಕ್ಕೆ ತಂಬಿಗೆಯಿಂದ ಬುಡಕ್ಕಷ್ಟೇ ಹನಿಸಿದರು. ತಲೆಯ ಮೇಲೆ ಸೋಪಿನ ನೊರೆ ಹಾಗೇ ಇತ್ತು. ಎಂಥ ತ್ಯಾಗ.

"ಸಾವಳಗ್ಯಾಗ ಕರೆಂಟ್ ಎಷ್ಟೊತ್ತಿಗೆ ಬರತೈತಿ ಇವತ್ತು?" ಎಂದೆ, ಸುಮ್ಮನೆ.

ಅವರ ಕೈ ನಿಂತಿತು. ಹೊಲದ ಮೋಟಾರಿಗೆ ಆಟೋ ಹಾಕಿಸಿದವರು ಅವರೇ; ಕರೆಂಟ್ ಬಂದೊಡನೆ ತಾನೇ ಶುರುವಾಗಿ, ಹೋಗುವವರೆಗೆ ಕಬ್ಬಿಗೆ ಸುರಿಯುತ್ತಿರುತ್ತದೆ. ತಾಸಿನ ಹಿಂದೆಯೇ ಕರೆಂಟ್ ಬಂದಿತ್ತು.

ನನ್ನ ಕೈಯಿಂದ ಮೊಬೈಲ್ ತೆಗೆದುಕೊಂಡು ಹೊಲ ನೋಡಿಕೊಳ್ಳುವ ಮಲ್ಲಪ್ಪನಿಗೆ ಫೋನ್ ಹಚ್ಚಿದರು. ಸೋಪು ಕಿವಿಯಿಂದ ಇಳಿದು ಮೊಬೈಲಿನ ಮೇಲೆ ಬೀಳುತ್ತಿತ್ತು.

"ಮಲ್ಲಪ್ಪಾ, ಮೋಟರ್ ಬಂದ್ ಮಾಡು."

ಆ ಕಡೆಯಿಂದ ಮಲ್ಲಪ್ಪನ ದನಿ ನನಗೂ ಕೇಳುವಷ್ಟು ಜೋರಾಗಿತ್ತು. "ಯಾಕ್ರೀ ಸಾವ್ಕಾರ್ರ? ಕರೆಂಟ್ ಛಲೋ ಐತಿ, ನೀರೂ ಭಾಳ ಅದಾವು!"

ಯಜಮಾನರು ಕಣ್ಣಿಗೆ ಇಳಿದ ಸೋಪನ್ನು ತೋಳಿನಿಂದ ಒರೆಸಿಕೊಂಡರು.

"ಇವತ್ತು ನಮ್ಮ ಪಾಳಿ ಅಲ್ಲೋ."